‘ಹೋಯಿತು’ ಎನ್ನುವವರು, ‘ಆಯಿತು’ ಎನ್ನುವವರು

2020ರ ಡಿಸೆಂಬರಿನಲ್ಲಿ ನಮ್ಮ ಬಳಗದ ಹುಡುಗನೊಬ್ಬನ ಉಪನಯನವಿತ್ತು. ಕೊರೊನಾದ ಕಾಲವಾದ್ದರಿಂದ ತೀರ ಹತ್ತಿರದವರಷ್ಟೇ ಸೇರಿದ್ದೆವು. ಊಟ ಮುಗಿದು ಎಲೆಯಡಿಕೆಯ ಹರಿವಾಣ ಚಾವಡಿಗೆ ಬಂದ ಹೊತ್ತಿಗೆ ಯಾರೋ ಆ ದಿನಗಳ ಸುದ್ದಿಯೊಂದನ್ನು ಎತ್ತಿದರು. ಕರ್ನಾಟಕ ಭೂಸುಧಾರಣಾ ಕಾಯ್ದೆಯಿಂದ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕುವ ತಿದ್ದುಪಡಿಗೆ ವಿಧಾನಮಂಡಲದ ಒಪ್ಪಿಗೆ ಸಿಕ್ಕಿದ್ದು ಅದೇ ತಿಂಗಳು. ಕೃಷಿಕರಲ್ಲದವರು, ಬೇರೆ ಮೂಲದಿಂದ ದೊಡ್ಡ ಆದಾಯವಿರುವವರು ಕೃಷಿಭೂಮಿಯನ್ನು ಕೊಳ್ಳದಂತೆ ತಡೆದಿದ್ದ ಕಲಮುಗಳು ಅವು. ನನ್ನ ಸೋದರಮಾವ, “ಒಳ್ಳೆಯದೇ ಆಯಿತು, ಇಷ್ಟು ವರ್ಷಕ್ಕಾದರೂ ಬುದ್ಧಿ ಬಂತಲ್ಲ” ಎಂದರು. ನನ್ನ ಚಿಕ್ಕಪ್ಪ, “ದುಡ್ಡಿದ್ದವರಿಗೆ ಬಾಗಿಲು ತೆಗೆದುಕೊಟ್ಟ ಹಾಗಾಯಿತು” ಎಂದರು. ಐದು ನಿಮಿಷ ಕಳೆಯುವುದರೊಳಗೆ ಎಪ್ಪತ್ತು ದಾಟಿದ ಆ ಇಬ್ಬರು ಹಿರಿಯರ ದನಿ ನಡುಗತೊಡಗಿತ್ತು. ಮಾವ ಎದ್ದು ಅಂಗಳಕ್ಕೆ ಹೋದರು. ಚಿಕ್ಕಪ್ಪ ಸುಣ್ಣ ಹಚ್ಚಿದ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಹಾಗೆಯೇ ಹರಿವಾಣದಲ್ಲಿಟ್ಟರು.

ಇಂದಿನ ನನ್ನ ಮಾತೆಲ್ಲ ಆ ನಡುಗಿದ ದನಿಯ ಕುರಿತೇ ಇರುತ್ತದೆ. ಆ ತಿದ್ದುಪಡಿಯಿಂದ ಅವರಿಬ್ಬರಿಗೂ ಲಾಭವಿರಲಿಲ್ಲ, ನಷ್ಟವೂ ಇರಲಿಲ್ಲ. ಮಾವನಿಗೆ ಭೂಮಿ ಕೊಳ್ಳುವ ಶಕ್ತಿ ಇರಲಿಲ್ಲ, ಚಿಕ್ಕಪ್ಪನಿಗೆ ಮಾರುವ ಯೋಚನೆ ಇರಲಿಲ್ಲ. ಮೂವತ್ತು ವರ್ಷ ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಕಲಿಸಿದ ನಾನು ಭಿನ್ನಾಭಿಪ್ರಾಯಕ್ಕೆ ಕಾರಣ ಹುಡುಕುವಾಗ ಜಾತಿ, ಪಕ್ಷ, ಹಿತಾಸಕ್ತಿ ಎಂಬ ಮೂರು ಗೂಟಗಳ ಸುತ್ತಲೇ ತಿರುಗುತ್ತಿದ್ದೆ. ಇಲ್ಲಿ ಆ ಮೂರೂ ಕೈಕೊಟ್ಟವು. ಇಬ್ಬರದೂ ಒಂದೇ ಜಾತಿ, ಬಹುಕಾಲದಿಂದ ಇಬ್ಬರದೂ ಒಂದೇ ಪಕ್ಷಕ್ಕೆ ಮತ, ಹಿತಾಸಕ್ತಿಯಂತೂ ಹೇಳಿಕೊಳ್ಳುವಷ್ಟಿಲ್ಲ. ಹಾಗಾದರೆ ಆ ನಡುಕ ಎಲ್ಲಿಂದ ಬಂತು?

ಮನೋವಿಜ್ಞಾನದಲ್ಲಿ ಇದಕ್ಕೊಂದು ಉತ್ತರವಿದೆ. 1960ರಲ್ಲಿ ಮ್ಯಾಗ್ಡಾ ಆರ್ನಲ್ಡ್ ಎಂಬ ವಿದುಷಿ, ಅವರ ನಂತರ ರಿಚರ್ಡ್ ಲಜಾರಸ್, ಭಾವನೆಯು ನೇರವಾಗಿ ಘಟನೆಯಿಂದ ಹುಟ್ಟುವುದಿಲ್ಲವೆಂದೂ, ಆ ಘಟನೆಯಿಂದ ನನಗೆ, ನನ್ನವರಿಗೆ ಏನಾಗುತ್ತದೆ ಎಂದು ಮನಸ್ಸು ಕ್ಷಣಾರ್ಧದಲ್ಲಿ ಹಾಕುವ ಲೆಕ್ಕದಿಂದ ಹುಟ್ಟುತ್ತದೆಂದೂ ವಾದಿಸಿದರು. ಒಪ್ಪತಕ್ಕ ಮಾತು. ಆದರೆ ಅಳೆಯುವುದಕ್ಕೆ ಒಂದು ಅಳತೆ ಬೇಕಲ್ಲ, ಅದು ಎಲ್ಲಿಂದ ಬರುತ್ತದೆ? ನನ್ನ ಮಟ್ಟಿಗೆ ಉತ್ತರ ಸಿಕ್ಕಿದ್ದು ನಮ್ಮದೇ ಎರಡು ಮನೆಗಳ ಅಂಗಳದಲ್ಲಿ. ಅದನ್ನು ನಿಮ್ಮ ಮುಂದೆ ಸ್ವಲ್ಪ ವಿವರವಾಗಿ ಹೇಳಬೇಕು.

ಇಲ್ಲಿರುವ ಕಿರಿಯರಲ್ಲಿ ಹಲವರಿಗೆ ಗೇಣಿ ಎಂಬ ಮಾತೇ ಹೊಸದಿರಬಹುದು. ನಮ್ಮ ಕರಾವಳಿಯಲ್ಲಿ ಒಡೆತನ ಒಬ್ಬರದು, ಉಳುಮೆ ಇನ್ನೊಬ್ಬರದು; ಉಳುವ ಒಕ್ಕಲು ವರ್ಷಕ್ಕೆ ಇಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ ಎಂದು ಒಡೆಯರಿಗೆ ಗೇಣಿ ಅಳೆಯಬೇಕು. ಮೂಲಗೇಣಿಯವರು ತಲೆಮಾರುಗಳವರೆಗೆ ಆ ಭೂಮಿಯಲ್ಲಿ ಉಳಿಯಬಹುದಿತ್ತು. ಚಾಲಗೇಣಿಯವರು ಒಡೆಯರ ಮರ್ಜಿಯಲ್ಲಿದ್ದವರು. 1961ರ ಭೂಸುಧಾರಣಾ ಕಾಯ್ದೆ 1965ರಲ್ಲಿ ಜಾರಿಗೆ ಬಂದರೂ ಅದರಿಂದ ತಪ್ಪಿಸಿಕೊಳ್ಳಲು ಒಡೆಯರಿಗೆ ದಾರಿಗಳಿದ್ದವು. ದೇವರಾಜ ಅರಸು ಅವರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದಾಗ ಆ ದಾರಿಗಳು ಮುಚ್ಚಿದವು. ಗೇಣಿಯಲ್ಲಿದ್ದ ಭೂಮಿ ಆ ದಿನದಿಂದಲೇ ಸರಕಾರಕ್ಕೆ ಸೇರಿತು. ಉಳುತ್ತಿದ್ದವರು ಫಾರಂ 7ರಲ್ಲಿ ಅರ್ಜಿ ಕೊಟ್ಟು, ತಾಲ್ಲೂಕಿನ ಭೂನ್ಯಾಯ ಮಂಡಳಿಯ ಮುಂದೆ ತಾವೇ ಗೇಣಿದಾರರೆಂದು ತೋರಿಸಿಕೊಟ್ಟರೆ ಅವರಿಗೆ ಅಧಿಭೋಗದ ಹಕ್ಕು, ಎಂದರೆ ಆ ಭೂಮಿಯನ್ನು ತಮ್ಮದಾಗಿಸಿಕೊಳ್ಳುವ ಹಕ್ಕು, ಸಿಗುತ್ತಿತ್ತು. ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಅವರ ಜೊತೆಗೆ ಸರಕಾರ ನೇಮಿಸಿದ ನಾಲ್ವರು ಸದಸ್ಯರು. ಹಳ್ಳಿಯ ಒಕ್ಕಲಿನವನು ಹಣವಂತರ ವಕೀಲರ ಎದುರು ಬಾಯಿ ಕಟ್ಟಿ ನಿಲ್ಲುವಂತಾಗಬಾರದೆಂದು ಅಲ್ಲಿ ವಕೀಲರಿಗೆ ಪ್ರವೇಶವನ್ನೇ ಇಟ್ಟಿರಲಿಲ್ಲ. ಸೈನಿಕರು ಮತ್ತು ನಾವಿಕರನ್ನು ಬಿಟ್ಟು ಉಳಿದವರಾರಿಗೂ ವಿನಾಯಿತಿ ಇರಲಿಲ್ಲ. ಹಳೆಯ ಕಾಯ್ದೆಯಲ್ಲಿ ವಿಧವೆಯರಿಗೆ, ಅಪ್ರಾಪ್ತ ವಯಸ್ಸಿನವರಿಗೆ ಇದ್ದ ರಿಯಾಯಿತಿಯೂ ಹೋಯಿತು. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿಗಳು ಬಂದವು. ನಮ್ಮ ಕಡೆ ಅದಕ್ಕೆ ಜನ ಇಟ್ಟ ಹೆಸರು ‘ಡಿಕ್ಲರೇಶನ್’. ‘ಅವರು ಡಿಕ್ಲರೇಶನ್ ಕೊಟ್ಟರಂತೆ’ ಎಂಬ ಒಂದೇ ವಾಕ್ಯಕ್ಕೆ ಒಂದು ಮನೆಯಲ್ಲಿ ಅಳು, ಇನ್ನೊಂದು ಮನೆಯಲ್ಲಿ ಪಾಯಸ.

ನನ್ನ ತಾಯಿಯ ತವರು ಒಡೆಯರ ಮನೆ. ಒಡೆಯರು ಎಂದೊಡನೆ ನಿಮ್ಮ ಕಣ್ಣಿಗೆ ಬರುವಂಥ ದೊಡ್ಡ ಮನೆತನವಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ನನ್ನ ಅಜ್ಜಿ ನಾಲ್ಕು ಮಕ್ಕಳನ್ನು ಇಟ್ಟುಕೊಂಡು, ತಾನು ಗದ್ದೆಗೆ ಇಳಿಯಲಾರದ ಕಾರಣಕ್ಕೆ ಇದ್ದಷ್ಟನ್ನೂ ಮೂರು ಒಕ್ಕಲುಗಳಿಗೆ ಗೇಣಿಗೆ ಕೊಟ್ಟಿದ್ದರು. ಆ ಮೂರೂ ಹೋದವು. ಪರಿಹಾರವೆಂದು ನಿಗದಿಯಾದ ಮೊತ್ತ ಅವರ ಲೆಕ್ಕದಲ್ಲಿ ಏನೂ ಅಲ್ಲ, ಅದು ಕೈಗೆ ಬಂದದ್ದು ತಡವಾಗಿ, ತುಂಡುತುಂಡಾಗಿ. ಆಗ ಎಂಟೊಂಬತ್ತು ವರ್ಷದವನಾಗಿದ್ದ ನನಗೆ ನೆನಪಿರುವುದು ಒಂದೇ ಚಿತ್ರ. ರಜೆಗೆ ಹೋದಾಗಲೆಲ್ಲ ಅಲ್ಲಿನ ಅಂಗಳದಲ್ಲಿ ಹುಲ್ಲಿನ ಹಗ್ಗ ಸುತ್ತಿ ಕಟ್ಟಿದ ಭತ್ತದ ತಿರಿ ಇರುತ್ತಿತ್ತು. ನಾವು ಮಕ್ಕಳು ಅದರ ಮರೆಯಲ್ಲಿ ಅಡಗಿ ಆಡುತ್ತಿದ್ದೆವು. ಒಂದು ವರ್ಷ ಹೋದಾಗ ಅಂಗಳ ಬೋಳಾಗಿತ್ತು. ಮಾವ ಪೇಟೆಯ ಅಂಗಡಿಯಿಂದ ಚೀಲದಲ್ಲಿ ಅಕ್ಕಿ ಹೊತ್ತು ತಂದರು. ಅಜ್ಜಿ ಆ ಅಕ್ಕಿಯನ್ನು ಮೊರಕ್ಕೆ ಸುರಿದು ಬಹಳ ಹೊತ್ತು ನೋಡುತ್ತ ಕುಳಿತಿದ್ದರು. ಮಾವನ ಕಾಲೇಜು ಆ ವರ್ಷಕ್ಕೇ ನಿಂತಿತು; ಹೋಟೆಲೊಂದರ ಗಲ್ಲಾಪೆಟ್ಟಿಗೆಯಲ್ಲಿ ಕೂರಲು ಅವರು ಮುಂಬಯಿಗೆ ಹೋದರು.

ನನ್ನ ತಂದೆಯ ಮನೆ ಒಕ್ಕಲಿನ ಮನೆ. ದೇವಸ್ಥಾನವೊಂದರ ಗದ್ದೆಯನ್ನು ಮೂರು ತಲೆಮಾರಿನಿಂದ ಚಾಲಗೇಣಿಗೆ ಮಾಡುತ್ತಿದ್ದವರು ನಾವು. ಮಳೆ ಕೈಕೊಟ್ಟ ವರ್ಷವೂ ಗೇಣಿ ಅಷ್ಟೇ. ಅಜ್ಜ ಅಕ್ಕಿ ಮುಡಿಯನ್ನು ಹೊರಿಸಿಕೊಂಡು ಹೋದರೆ, ಅಲ್ಲಿ ಲೆಕ್ಕ ನೋಡುತ್ತಿದ್ದವರು ಮುಡಿ ಬಿಚ್ಚಿಸಿ ಕೈಗೆ ಅಕ್ಕಿ ತೆಗೆದುಕೊಂಡು, “ನುಚ್ಚು ಜಾಸ್ತಿ, ತಿರುಗಿ ತನ್ನಿ” ಎಂದು ಕಳಿಸಿದ ದಿನಗಳಿದ್ದವಂತೆ. ಚಿಕ್ಕಪ್ಪ ಹೇಳುವ ಒಂದು ಸಂಗತಿ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಅವರು ಎಲ್ಲಿಂದಲೋ ಒಂದು ತೆಂಗಿನ ಸಸಿ ತಂದು ಮನೆಯ ಹಿಂದೆ ನೆಟ್ಟರು. ಸಂಜೆ ಅಜ್ಜ ಅದನ್ನು ನೋಡಿ, ಏನೂ ಬೈಯದೆ, ತಾವೇ ಕಿತ್ತು ಬೇಲಿಯಾಚೆ ಇಟ್ಟರಂತೆ. ಮುಂದಿನ ವರ್ಷ ಇಲ್ಲಿರುತ್ತೇವೋ ಇಲ್ಲವೋ ತಿಳಿಯದವನು ಏಳೆಂಟು ವರ್ಷಕ್ಕೆ ಕಾಯಿ ಬಿಡುವ ಮರವನ್ನು ಏಕೆ ನೆಡಬೇಕು? ಮಂಡಳಿಯ ಆದೇಶ ಕೈಗೆ ಬಂದ ವಾರವೇ ಅಜ್ಜ ಹನ್ನೆರಡು ತೆಂಗಿನ ಸಸಿ ತಂದರು. ಅವುಗಳಲ್ಲಿ ಒಂಬತ್ತು ಇಂದಿಗೂ ಇವೆ. ಆ ವರ್ಷದ ಕೊಯ್ಲಿನ ನಂತರ ನಮ್ಮ ಅಂಗಳದಲ್ಲಿ ಮೊದಲ ತಿರಿ ಎದ್ದಿತು. ಹೀಗೆ ಒಂದೇ ಕಾಯ್ದೆ ನನ್ನ ಒಂದು ಅಂಗಳದಿಂದ ತಿರಿಯನ್ನು ತೆಗೆದು ಇನ್ನೊಂದು ಅಂಗಳದಲ್ಲಿ ಇಟ್ಟದ್ದನ್ನು ನಾನು ಕಣ್ಣಾರೆ ಕಂಡೆ.

ಆ ಎರಡು ಮನೆಗಳ ಮಾತಿನಲ್ಲಿ ನಾನು ಬಹಳ ತಡವಾಗಿ ಗಮನಿಸಿದ ಒಂದು ವ್ಯತ್ಯಾಸವಿದೆ. ಅಮ್ಮನ ತವರಿನಲ್ಲಿ ‘ಭೂಮಿ ಹೋಯಿತು’ ಎನ್ನುತ್ತಾರೆ. ಅಪ್ಪನ ಮನೆಯಲ್ಲಿ ‘ಭೂಮಿ ನಮ್ಮದಾಯಿತು’ ಎನ್ನುತ್ತಾರೆ. ‘ಹೋಯಿತು’ ಎನ್ನುವುದು ನಾವು ಸಾವಿಗೆ ಬಳಸುವ ಕ್ರಿಯಾಪದ. ‘ಆಯಿತು’ ಎನ್ನುವುದು ಮದುವೆಗೆ, ಮಗುವಿಗೆ, ಮಳೆಗೆ, ಬೆಳೆಗೆ ಬಳಸುವಂಥದು. ಕರಾವಳಿಯಲ್ಲಿ ಅಪರಿಚಿತರೊಡನೆ 1974ರ ಮಾತೆತ್ತಿ, ಅವರು ಯಾವ ಕ್ರಿಯಾಪದ ಹಿಡಿಯುತ್ತಾರೆಂದು ಕಾದರೆ ಸಾಕು, ಅವರ ಅಜ್ಜ ಚಾವಡಿಯಲ್ಲಿ ಕುಳಿತಿದ್ದರೋ ಅಂಗಳದಲ್ಲಿ ನಿಂತಿದ್ದರೋ ಬಹುಮಟ್ಟಿಗೆ ತಿಳಿಯುತ್ತದೆ. ನಿಮ್ಮ ಊರಿನಲ್ಲಿ ಇದು ಅಣೆಕಟ್ಟಿನ ಮುಳುಗಡೆಯಿರಬಹುದು, ಮೀಸಲಾತಿಯಿರಬಹುದು, ಗಡಿಯ ತಕರಾರಿರಬಹುದು. ಅಲ್ಲಿಯೂ ಇಂಥ ಒಂದು ಕ್ರಿಯಾಪದ ನಿಮ್ಮ ಕಿವಿಗೆ ಬಿದ್ದೀತು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಿ ಘಟ್ಟದ ಮೇಲಿನ ಕಾಗೋಡಿನ ಮಾತು ಹೇಳುತ್ತೇನೆ. 1951ರಲ್ಲಿ ಸಾಗರ ಸೀಮೆಯ ಆ ಹಳ್ಳಿಯಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತರು. ಎಚ್. ಗಣಪತಿಯಪ್ಪನವರ ರೈತ ಸಂಘ ಅದನ್ನು ಕಟ್ಟಿತು, ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿಗಳು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಅಷ್ಟು ದೊಡ್ಡ ಹೋರಾಟಕ್ಕೆ ಕಿಡಿ ಹತ್ತಿದ್ದು ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರಕ್ಕೆ. ಇರಬೇಕಾದ ಅಳತೆಗಿಂತ ದೊಡ್ಡ ಕೊಳಗದಲ್ಲಿ ಒಡೆಯರು ಅಳೆಸಿಕೊಳ್ಳುತ್ತಾರೆಂಬುದು ಒಕ್ಕಲುಗಳ ದೂರು. ಪಟ್ಟಣದಲ್ಲಿ ಕುಳಿತು ಪತ್ರಿಕೆ ಓದಿದವರಿಗೆ, ಒಂದು ಪಾತ್ರೆಯ ಅಳತೆಗಾಗಿ ಜನ ಜೈಲಿಗೆ ಹೋಗುತ್ತಾರೆಯೇ ಎಂದು ಅನ್ನಿಸಿರಬಹುದು. ಆದರೆ ವರ್ಷಕ್ಕೊಮ್ಮೆ ತನ್ನ ಬೆವರು ಆ ಕೊಳಗದ ಬಾಯಿಗೆ ಬೀಳುವುದನ್ನು ನಿಂತು ನೋಡಿದವನಿಗೆ ಅದು ಬರಿಯ ಪಾತ್ರೆಯಾಗಿ ಕಾಣುವುದು ಹೇಗೆ? ಯಾರಾದರೂ ಸಣ್ಣ ವಿಷಯಕ್ಕೆ ಅತಿಯಾಗಿ ಸಿಟ್ಟಾದರೆಂದು ನಮಗೆ ಕಂಡಾಗ, ಅವರ ಕೊಳಗ ಯಾವುದೆಂದು ನಮಗೆ ಗೊತ್ತಿಲ್ಲದಿರುವ ಸಾಧ್ಯತೆಯೇ ಹೆಚ್ಚು.

ಒಬ್ಬಿಬ್ಬರ ಮನೆಯ ಕತೆ ದೇಶದ ರಾಜಕೀಯಕ್ಕೆ ಹೇಗೆ ತಾಗುತ್ತದೆ ಎಂದು ನೀವು ಕೇಳಬಹುದು. 1977ರ ಮಾರ್ಚ್ ತಿಂಗಳ ಲೋಕಸಭಾ ಚುನಾವಣೆಯನ್ನು ನೆನಪಿಸಿಕೊಳ್ಳಿ. ತುರ್ತುಪರಿಸ್ಥಿತಿಯ ಮೇಲಿನ ಸಿಟ್ಟಿನಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿತು. ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅದೇ ಕಾಂಗ್ರೆಸ್ಸಿಗೆ ಕೊಟ್ಟಿತು. ಇದಕ್ಕೆ ಕಾರಣ ಒಂದೇ ಎಂದು ನಾನು ಹೇಳಲಾರೆ, ಆದರೆ ಅನುಭವ ಬೇರೆಯಾಗಿತ್ತೆಂಬುದನ್ನು ಮರೆಯುವಂತಿಲ್ಲ. ಉತ್ತರದ ಎಷ್ಟೋ ಹಳ್ಳಿಗಳಿಗೆ ಆ ಇಪ್ಪತ್ತೊಂದು ತಿಂಗಳೆಂದರೆ ಬಲವಂತದ ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆಯ ಭಯ. ನಮ್ಮ ಎಷ್ಟೋ ಹಳ್ಳಿಗಳಿಗೆ ಅದೇ ತಿಂಗಳುಗಳೆಂದರೆ ಭೂನ್ಯಾಯ ಮಂಡಳಿಯ ಆದೇಶ ಕೈಗೆ ಬಂದ ಕಾಲ. ಹಾಗೆಂದು ನಮ್ಮಲ್ಲಿ ತುರ್ತುಪರಿಸ್ಥಿತಿ ಮೃದುವಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಕಲಾವಿದೆ ಸ್ನೇಹಲತಾ ರೆಡ್ಡಿಯವರನ್ನು ಇಟ್ಟದ್ದು ಬೆಂಗಳೂರಿನ ಜೈಲಿನಲ್ಲೇ. ಅಲ್ಲಿ ಆರೋಗ್ಯ ಕೆಟ್ಟು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ಅವರು ತೀರಿಕೊಂಡರು. ತಂದೆ ಆಗ ಜೈಲಿಗೆ ಹೋದದ್ದನ್ನು ಕಂಡ ಮಗನೂ, ತಂದೆಯ ಹೆಸರಿಗೆ ಆಗ ಪಹಣಿ ಕಂಡ ಮಗನೂ ಇಂದು ಎದುರುಬದುರು ಕುಳಿತು 1975 ಎಂಬ ಅಂಕಿಯನ್ನು ಉಚ್ಚರಿಸಿದರೆ, ಇಬ್ಬರ ಬಾಯಿಂದ ಬರುವುದು ಒಂದೇ ವರ್ಷವೆಂದು ನಾನು ಭಾವಿಸುವುದಿಲ್ಲ.

ಕಳೆದುಕೊಂಡವರ ಸಿಟ್ಟು ಪಡೆದುಕೊಂಡವರ ಸಂತೋಷಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಎಂಬ ಮಾತೂ ಇದೆ. 1979ರಲ್ಲಿ ಡೇನಿಯಲ್ ಕಾನ್‌ಮನ್ ಮತ್ತು ಏಮಸ್ ಟ್ವರ್‌ಸ್ಕಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ಒಂದು ತಿರುಳು ಇದಕ್ಕೆ ಹತ್ತಿರದ್ದು, ಅಷ್ಟೇ ಮೊತ್ತದ ಲಾಭಕ್ಕಿಂತ ನಷ್ಟ ಮನಸ್ಸಿಗೆ ಹೆಚ್ಚು ಭಾರ. ಮಾವನನ್ನು ನೋಡಿದಾಗ ನನಗೆ ಇದು ನಿಜವೆನ್ನಿಸುತ್ತದೆ. ಆದರೆ ಚಿಕ್ಕಪ್ಪನನ್ನು ‘ಪಡೆದವರು’ ಎಂಬ ಪಟ್ಟಿಗೆ ಸೇರಿಸಿ ಮುಗಿಸಲು ನಾನು ಒಪ್ಪುವುದಿಲ್ಲ. ಅವರ ನೆನಪಿನಲ್ಲಿ ಮೊದಲು ಇರುವುದು ಕಿತ್ತಿಟ್ಟ ಸಸಿ. ಹನ್ನೆರಡು ಸಸಿಗಳು ಬಂದದ್ದು ಆಮೇಲೆ. 2020ರ ಸುದ್ದಿ ಕೇಳಿದಾಗ ಅವರಿಗೆ ಆದದ್ದು ಭೂಮಿ ಮತ್ತೆ ಕೈಬಿಟ್ಟುಹೋದೀತೆಂಬ ಭಯ. ಮಾವನಿಗೆ ಆದದ್ದು, ತನ್ನ ತಾಯಿಯನ್ನು ಬಡವಿಯಾಗಿಸಿದ ಕಾಯ್ದೆಯಲ್ಲಿ ಒಂದು ಕಲ್ಲಾದರೂ ಕಳಚಿತಲ್ಲ ಎಂಬ ತೃಪ್ತಿ. ಆ ಚಾವಡಿಯಲ್ಲಿ 79ಎ, 79ಬಿ ಎಂಬ ಹೆಸರು ಹಿಡಿದು ಜಗಳವಾಡಿದ್ದು ಎರಡು ನಷ್ಟಗಳು.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುತ್ತದೆ. ಅನುಭವ ಎಂದು ನಾವು ಕರೆಯುವುದರಲ್ಲಿ ಬಹುಪಾಲು ನಮ್ಮದಲ್ಲ, ಕೇಳಿ ಬಂದದ್ದು. ನನ್ನ ಅಜ್ಜಿ ಭೂಮಿ ಹೋದದ್ದನ್ನು ಹೇಳುವಾಗ ಎಲ್ಲವನ್ನೂ ಹೇಳುತ್ತಿದ್ದರು. ಒಬ್ಬ ಒಕ್ಕಲಿನವನು ಡಿಕ್ಲರೇಶನ್ ಕೊಡುವ ಮುಂಚಿನ ರಾತ್ರಿ ಬಂದು ಅಂಗಳದಲ್ಲಿ ನಿಂತು, “ಅಮ್ಮ, ನನಗೆ ಆರು ಮಕ್ಕಳು, ನಾನು ಏನು ಮಾಡಲಿ” ಎಂದು ಅತ್ತದ್ದನ್ನು ಹೇಳುತ್ತಿದ್ದರು. ಆದೇಶವಾದ ಮೇಲೂ ಅವನ ಹೆಂಡತಿ ಹೊಸ ಅಕ್ಕಿಯ ದಿನ ಒಂದು ಸೇರು ಅಕ್ಕಿ ತಂದುಕೊಟ್ಟದ್ದನ್ನೂ, ತಾನು ಅದನ್ನು ಮೊದಲ ವರ್ಷ ತಿರುಗಿಸಿ ಕಳಿಸಿ ಎರಡನೆಯ ವರ್ಷ ತೆಗೆದುಕೊಂಡದ್ದನ್ನೂ ಹೇಳುತ್ತಿದ್ದರು. ಸಿಟ್ಟು, ಅವಮಾನ, ಮರುಕ, ಸ್ವಲ್ಪ ನಾಚಿಕೆ ಎಲ್ಲ ಅದರಲ್ಲಿ ಕಲಸಿತ್ತು. ಮಾವನ ಮಕ್ಕಳು ಹುಟ್ಟಿದ್ದು 1985ರ ಈಚೆಗೆ, ಬೆಳೆದದ್ದು ಮುಂಬಯಿಯಲ್ಲಿ. ಅವರ ಬಾಯಲ್ಲಿ ಉಳಿದಿರುವುದು ‘ನಮ್ಮ ಭೂಮಿ ಕಿತ್ತುಕೊಂಡರು’ ಎಂಬ ಒಂದೇ ವಾಕ್ಯ. ಅದರಲ್ಲಿ ಅಂಗಳದಲ್ಲಿ ನಿಂತು ಅತ್ತ ಒಕ್ಕಲಿನವನೂ ಇಲ್ಲ, ಹೊಸ ಅಕ್ಕಿಯೂ ಇಲ್ಲ. ನಮ್ಮ ಕಡೆಯ ಹುಡುಗರೂ ಹಾಗೆಯೇ. ‘ಒಡೆಯರ ದಬ್ಬಾಳಿಕೆ’ ಎನ್ನುತ್ತಾರೆ, ಅವರ ಆ ಒಡೆಯರಲ್ಲಿ ಮೊರದ ಮುಂದೆ ಕುಳಿತ ವಿಧವೆಯೊಬ್ಬಳು ಇರುವುದಿಲ್ಲ. ಕಣ್ಣಾರೆ ಕಂಡವರ ನೆನಪಿನಲ್ಲಿ ಎದುರಿನವನ ಮುಖವೂ ಇರುತ್ತದೆ. ಕೇಳಿ ಪಡೆದವರ ನೆನಪಿನಿಂದ ಮೊದಲು ಅಳಿಸಿಹೋಗುವುದು ಆ ಮುಖ. ಆದ್ದರಿಂದಲೇ ಇರಬೇಕು, ಅನುಭವಿಸಿದ ಅಜ್ಜಿಗಿಂತ ಅನುಭವಿಸದ ಮೊಮ್ಮಕ್ಕಳ ಸಿಟ್ಟು ಹೆಚ್ಚು ಖಚಿತ, ಹೆಚ್ಚು ಕಠಿಣ.

ಈ ಎರಡೂ ಮನೆಗಳಲ್ಲಿ ಕೂಲಿ ಮಾಡಿದ ಒಬ್ಬ ಹೆಂಗಸಿದ್ದರು. ಆ ಉಪನಯನದ ನಂತರ ನಾನು ಅವರ ಮನೆಗೆ ಹೋಗಿ, 1974ರ ಕಾಯ್ದೆ ಬಂದಾಗ ನಿಮಗೆ ಏನನ್ನಿಸಿತು ಎಂದು ಕೇಳಿದೆ. “ಯಾವ ಕಾಯ್ದೆ?” ಎಂದು ಅವರು ನನ್ನನ್ನೇ ಕೇಳಿದರು. ವಿವರಿಸಿದಾಗ, “ಅದು ನಿಮ್ಮ ನಿಮ್ಮೊಳಗಿನದಲ್ಲವಾ? ನಮಗೆ ಗದ್ದೆ ಇರಲಿಲ್ಲ, ಗೇಣಿಯೂ ಇರಲಿಲ್ಲ. ಐದು ಸೆಂಟ್ಸಿನಲ್ಲಿ ಮನೆ ಕಟ್ಟಿದ್ದು ಮಾತ್ರ ನೆನಪುಂಟು” ಎಂದರು. ಗೇಣಿಚೀಟಿಯಾಗಲಿ ಗೇಣಿದಾರರೆಂಬ ಹೆಸರಾಗಲಿ ಇಲ್ಲದ ಕೃಷಿ ಕಾರ್ಮಿಕರಿಗೆ, ಅವರಲ್ಲಿ ಬಹುಪಾಲಾಗಿದ್ದ ದಲಿತರಿಗೆ, ಫಾರಂ 7ರಿಂದ ಗದ್ದೆ ಬರುವಂತಿರಲಿಲ್ಲ. 2020ರ ತಿದ್ದುಪಡಿಯ ಕುರಿತು ಕೇಳಿದಾಗಲೂ ಅವರ ದನಿ ಏರಲಿಲ್ಲ. ಅದನ್ನು ಸಮಚಿತ್ತವೆಂದು ಮೆಚ್ಚಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಭೂಮಿಯ ಮಾತಿನಲ್ಲಿ ಸಿಟ್ಟಾಗಬೇಕಾದರೂ ಭೂಮಿಯೊಡನೆ ಒಂದು ಸಂಬಂಧ ಇರಬೇಕು. ಅದನ್ನೇ ಅವರಿಗೆ ನಾವು ಕೊಟ್ಟಿರಲಿಲ್ಲ. ನಾವು ಎರಡು ಮನೆಯವರು ಐವತ್ತು ವರ್ಷ ನಮ್ಮ ನಮ್ಮ ತಿರಿಯ ಲೆಕ್ಕ ಹಾಕುತ್ತ ಕುಳಿತಾಗ ಆ ಲೆಕ್ಕಕ್ಕೇ ಬಾರದವರು ಒಬ್ಬರು ಎರಡೂ ಅಂಗಳಗಳನ್ನು ಗುಡಿಸುತ್ತಿದ್ದರು. ಇದನ್ನು ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದು ಸರಿಯಲ್ಲ. 1974ರ ಕಾಯ್ದೆ ನ್ಯಾಯವಾದುದೆಂದೇ ನಾನು ನಂಬಿದ್ದೇನೆ. ಅಜ್ಜಿಯ ಮೊರವನ್ನು ಕಂಡೂ ನಂಬಿದ್ದೇನೆ, ಕಂಡ ಕಾರಣದಿಂದಲೇ ವಿಧವೆಯರಿಗೆ ಕೊಟ್ಟ ಪರಿಹಾರ ಇನ್ನಷ್ಟು ಉದಾರವಾಗಿರಬೇಕಿತ್ತು ಎಂದೂ ನಂಬಿದ್ದೇನೆ. ಒಬ್ಬರಿಗೆ ಆದ ನೋವು ನಿಜವೆಂದು ಒಪ್ಪಿಕೊಳ್ಳುವುದಕ್ಕೂ ಅವರ ತೀರ್ಮಾನ ಸರಿಯೆಂದು ಒಪ್ಪಿಕೊಳ್ಳುವುದಕ್ಕೂ ಬಹಳ ಅಂತರವಿದೆ. ನಮ್ಮ ಚರ್ಚೆಗಳಲ್ಲಿ ಈ ಅಂತರ ಕಾಣೆಯಾಗಿದೆ. ತೀರ್ಮಾನವನ್ನು ಒಪ್ಪದವರು ನೋವನ್ನೂ ಸುಳ್ಳೆನ್ನುತ್ತಾರೆ; ನೋವನ್ನು ಉಂಡವರು ತಮ್ಮ ತೀರ್ಮಾನವನ್ನು ಯಾರೂ ಪ್ರಶ್ನಿಸಬಾರದೆನ್ನುತ್ತಾರೆ. ಅನುಭವ ಸಾಕ್ಷಿಕಟ್ಟೆಯಲ್ಲಿ ನಿಲ್ಲಬೇಕಾದದ್ದು. ಅದರ ಮಾತನ್ನು ಪೂರ್ತಿ ಕೇಳಬೇಕು, ತೀರ್ಪು ಬರೆಯುವಾಗ ಬೇರೆ ಸಾಕ್ಷಿಗಳನ್ನೂ ಕರೆಯಬೇಕು.

ಕೇಳುವುದರಿಂದ ಏನಾದರೂ ಆಗುತ್ತದೆಯೇ? 2021ರಲ್ಲಿ ಎಮಿಲಿ ಕುಬಿನ್, ಕರ್ಟ್ ಗ್ರೇ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಹದಿನೈದು ಅಧ್ಯಯನಗಳ ಫಲವನ್ನು ಒಟ್ಟಾಗಿ ಪ್ರಕಟಿಸಿದರು. ರಾಜಕೀಯವಾಗಿ ಎದುರು ನಿಂತವರ ಬಗ್ಗೆ ಗೌರವ ಮೂಡಲು ಅಂಕಿಅಂಶಗಳಿಗಿಂತ ಅವರ ಸ್ವಂತ ಅನುಭವದ ಮಾತು, ಅದರಲ್ಲೂ ಅವರಿಗೆ ಆದ ಹಾನಿಯ ಮಾತು, ಹೆಚ್ಚು ನೆರವಾಗುತ್ತದೆ ಎಂದು ಅವರು ಕಂಡುಕೊಂಡರು. ಅವರು ಹೇಳಿದ್ದು ಗೌರವದ ಮಾತು, ಅಭಿಪ್ರಾಯ ಬದಲಾವಣೆಯದಲ್ಲ. ಅದನ್ನು ಓದಿದ ಮೇಲೆ ನಾನು ನನ್ನ ಪ್ರಶ್ನೆಯನ್ನು ಬದಲಿಸಿಕೊಂಡೆ. ಮೊದಲು ‘ನೀವು ಹಾಗೆ ಏಕೆ ಹೇಳುತ್ತೀರಿ?’ ಎಂದು ಕೇಳುತ್ತಿದ್ದೆ. ಕೇಳಿದವರು ವಾದಕ್ಕೆ ಸಿದ್ಧರಾಗುತ್ತಿದ್ದರು. ಈಗ ‘ಆ ವರ್ಷ ನಿಮ್ಮ ಮನೆಯಲ್ಲಿ ಏನಾಯಿತು?’ ಎಂದು ಕೇಳುತ್ತೇನೆ.

ಕಳೆದ ವರ್ಷ ಅಮ್ಮನ ತಿಥಿಗೆ ಮಾವ, ಚಿಕ್ಕಪ್ಪ ಇಬ್ಬರೂ ಬಂದಿದ್ದರು. ಊಟದ ನಂತರ ಅದೇ ಚಾವಡಿಯಲ್ಲಿ ನಾನು ಆ ಪ್ರಶ್ನೆಯನ್ನು ಮಾವನಿಗೆ ಕೇಳಿದೆ. ಮೊರದಲ್ಲಿ ಸುರಿದ ಅಂಗಡಿಯ ಅಕ್ಕಿಯನ್ನೂ, ಮುಂಬಯಿಗೆ ಹೋಗುವ ಬಸ್ಸಿಗೆ ಅಜ್ಜಿ ಕಟ್ಟಿಕೊಟ್ಟ ಬುತ್ತಿಯನ್ನೂ ಅವರು ಹೇಳಿದರು. ಬಳಗವಾಗಿ ಐವತ್ತೈದು ವರ್ಷ ಕಳೆದಿದ್ದರೂ ಚಿಕ್ಕಪ್ಪ ಅದನ್ನು ಕೇಳುತ್ತಿದ್ದುದು ಅದೇ ಮೊದಲು. ಅವರು ತಮ್ಮ ಸಸಿಯ ಕತೆಯನ್ನು ಹೇಳಿದರು. ತಿದ್ದುಪಡಿಯ ಬಗ್ಗೆ ಇಬ್ಬರೂ ತಮ್ಮ ಮಾತನ್ನು ಬಿಡಲಿಲ್ಲ. ಮಾವ ಅದು ಸರಿಯೆಂದೇ ಹೇಳಿದರು, ಚಿಕ್ಕಪ್ಪ ತಪ್ಪೆಂದೇ ಹೇಳಿದರು. ಆದರೆ ಹೊರಡುವ ಹೊತ್ತಿಗೆ ಚಿಕ್ಕಪ್ಪ, “ನಿಮ್ಮ ಅಂಗಳದಲ್ಲಿ ಎಷ್ಟು ಮುಡಿಯ ತಿರಿ ಕಟ್ಟುತ್ತಿದ್ದರು?” ಎಂದು ಕೇಳಿದರು. ಮಾವ ನಿಂತಲ್ಲೇ ಎರಡೂ ಕೈ ಚಾಚಿ, ಎಂಟು ವರ್ಷದ ಹುಡುಗನಿಗೆ ತೋರಿಸುವ ಹಾಗೆ, ಅದರ ಸುತ್ತಳತೆಯನ್ನು ತೋರಿಸತೊಡಗಿದರು.